ಕಿರುಗುಟ್ಟುವ ಬಾಗಿಲೂ ಸಂಗೀತವಾಗಬಲ್ಲುದೇ?



ಬಾಗಿಲು, ಬಾವಿ, ಮಳೆ, ರೈಲು, ಸಂತೆ ಮುಂತಾದವುಗಳ ದಿನನಿತ್ಯದ ಸದ್ದುಗಳನ್ನು ಅವು ಹುಟ್ಟುವ ಸ್ಥಳದಲ್ಲಿಯೇ ಮುದ್ರಿಸಿಕೊಂಡು, ಅನಂತರ ಯಂತ್ರದ ನೆರವಿನಿಂದ ಕತ್ತರಿಸಿ, ಜೋಡಿಸಿ, ಹಿಗ್ಗಿಸಿ, ಕುಗ್ಗಿಸಿ ಒಂದು ಸಂಗೀತಕೃತಿಯಾಗಿ ರಚಿಸುವ ಪದ್ಧತಿಯೊಂದಿದೆ. ಎಲೆಕ್ಟ್ರೋ-ಅಕೌಸ್ಟಿಕ್ ಸಂಗೀತವೆಂಬ ದೊಡ್ಡ ಮರದ ಒಂದು ಕೊಂಬೆ ಇದು. ಇಂದು ಇದರ ಬಗ್ಗೆ ಬರೆಯಲು ಕಾರಣವೇನೆಂಬುದು ಬಂಧುವರ್ಗಕ್ಕೆ ತಿಳಿದೇ ಇದೆ. ವಿದ್ಯಾರ್ಥಿಗಳ ಸಲುವಾಗಿ ನಾಲ್ಕು ಮಾತು ಹೇಳುತ್ತೇನೆ. ಮಲೆನಾಡಿನ ನಮ್ಮ ಮೂಲಮನೆಯು ಕಳೆದ ವರ್ಷ ಮಾರಾಟವಾಯಿತು. ಕಂಬ, ತೊಲೆ, ಬಾಗಿಲುಗಳನ್ನು ಕೊಂಡವರು ಬಿಚ್ಚಿಕೊಂಡು ಹೋದರು. ಅದಕ್ಕೆ ಮುಂಚೆ ನನ್ನ ತಂಗಿಯ ಮೊಮ್ಮಗಳು ಆರು ದಿನ ಅಲ್ಲಿ ತಂಗಿದ್ದು ಸುಮಾರು 9 ಗಂಟೆಗಳಷ್ಟು ಸದ್ದನ್ನು ಮುದ್ರಿಸಿಕೊಂಡಳು. ಅದರಿಂದ 14 ನಿಮಿಷಗಳ ಒಂದು ಕೃತಿಯನ್ನು ರಚಿಸಿ, ದೀಪಾವಳಿಗೆ ನಾವೆಲ್ಲ ಸೇರಿದ್ದಾಗ ಕೇಳಿಸಿದಳು.

ಕೇಳಿದವರಿಂದ ಮೂರು ಆಕ್ಷೇಪಣೆಗಳು ಬಂದವು. ಮೊದಲನೆಯದು ನಮ್ಮ ಭಾವನವರದು: "ಇದು ಸಂಗೀತ ಹೇಗಾಯಿತು? ಹಾಗಿದ್ದರೆ ನಮ್ಮ ಮನೆಯ ಮಿಕ್ಸಿಯೂ ಸಂಗೀತವೇ?" ಎರಡನೆಯದು ನನ್ನ ತಮ್ಮನದು: "ಸದ್ದು ಹೇಗಿತ್ತೋ ಹಾಗೆಯೇ ಇಟ್ಟಿದ್ದರೆ ಮನೆಯ ನೆನಪಿಗಾದರೂ ಆಗುತ್ತಿತ್ತು. ಕತ್ತರಿಸಿ ಕಲಸುಮೇಲೋಗರ ಮಾಡಿದಳು." ಮೂರನೆಯದು, ಎಲ್ಲಕ್ಕಿಂತ ಭಾರವಾದದ್ದು, ನನ್ನ ಅಣ್ಣನ ಮಕ್ಕಳದು: "ಅಮ್ಮನ ದನಿಯನ್ನು ತುಂಡು ಮಾಡಿ ಮತ್ತೆ ಮತ್ತೆ ತಿರುಗಿಸಿದ್ದು ಸರಿಯಲ್ಲ." ಅವರ ಅಮ್ಮ, ಎಂದರೆ ನಮ್ಮ ದೊಡ್ಡತ್ತಿಗೆ, ಮನೆ ಬಿಚ್ಚಿದ ಮೂರು ತಿಂಗಳಿಗೆ ತೀರಿಕೊಂಡರು. ಈಗ ಬೆಂಗಳೂರಿನ ಒಂದು ಸಣ್ಣ ಸಭೆಯಲ್ಲಿ ಈ ಕೃತಿಯನ್ನು ಕೇಳಿಸಲು ಕರೆ ಬಂದಿದೆ. ಹುಡುಗಿಯು ನನ್ನ ಅಭಿಪ್ರಾಯ ಕೇಳಿದ್ದಾಳೆ. ಒಬ್ಬೊಬ್ಬರೊಡನೆಯೂ ಫೋನಿನಲ್ಲಿ ವಾದಿಸುವುದಕ್ಕಿಂತ ಎಲ್ಲರೂ ಓದುವಂತೆ ಇಲ್ಲಿ ಬರೆಯುವುದು ಲೇಸೆಂದು ತೋರಿತು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಈ ಪದ್ಧತಿಯು ಮೊಬೈಲು ಬಂದ ಮೇಲೆ ಹುಟ್ಟಿದ ಹುಡುಗಾಟವಲ್ಲ; ಅದಕ್ಕೆ 80 ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. 1944ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಹಲೀಂ ಎಲ್-ದಬ್ ಎಂಬ ತರುಣ ಸಂಗೀತಗಾರರು ತಂತಿಯ ಮೇಲೆ ಧ್ವನಿಯನ್ನು ಮುದ್ರಿಸುವ ಯಂತ್ರವೊಂದನ್ನು ಎರವಲು ಪಡೆದು, ಸ್ತ್ರೀಯರು ನಡೆಸುವ ‘ಝಾರ್’ ಎಂಬ ವಿಧಿಯ ಗಾಯನವನ್ನು ಮುದ್ರಿಸಿಕೊಂಡರು. ಮೈಮೇಲೆ ಬಂದುದನ್ನು ಶಾಂತಗೊಳಿಸುವ ವಿಧಿ ಅದು. ಬಾನುಲಿ ಕೇಂದ್ರದ ಉಪಕರಣಗಳಲ್ಲಿ ಆ ಮುದ್ರಣದ ಪ್ರತಿಧ್ವನಿಯನ್ನು ಬದಲಿಸಿ, ಕೆಲವು ಅಂಶಗಳನ್ನು ಅಳಿಸಿ, ಕೆಲವನ್ನು ಉಳಿಸಿ ಹೊಸದೊಂದು ಕೃತಿಯನ್ನು ಮಾಡಿದರು. ನಾಲ್ಕು ವರ್ಷಗಳ ಅನಂತರ ಪ್ಯಾರಿಸ್ಸಿನಲ್ಲಿ ಪಿಯೆರ್ ಶೆಫೆರ್ ಎಂಬ ಬಾನುಲಿ ಎಂಜಿನಿಯರು ಬಾತಿನ್ಯೋಲ್ ರೈಲು ನಿಲ್ದಾಣಕ್ಕೆ ಯಂತ್ರಗಳನ್ನು ಒಯ್ದು ಉಗಿಬಂಡಿಗಳ ಸದ್ದನ್ನು ಮುದ್ರಿಸಿ ತಂದರು. ಆ ಸದ್ದುಗಳಿಂದ ರಚಿಸಿದ, ಮೂರು ನಿಮಿಷಗಳಷ್ಟು ಕಿರಿದಾದ ‘ರೈಲುಮಾರ್ಗಗಳ ಅಭ್ಯಾಸ’ ಎಂಬ ಕೃತಿಯು 1948ರ ಅಕ್ಟೋಬರ್ 5ರಂದು ಫ್ರೆಂಚ್ ಬಾನುಲಿಯಲ್ಲಿ ಇತರ ನಾಲ್ಕು ಅಭ್ಯಾಸಗಳೊಡನೆ ಪ್ರಸಾರವಾಯಿತು. ಈ ಬಗೆಯ ರಚನೆಗೆ ಅವರು ‘ಮ್ಯೂಸಿಕ್ ಕಾಂಕ್ರೆತ್’ ಎಂದು ಹೆಸರಿಟ್ಟರು. ಬರೆದ ಸ್ವರಲಿಪಿಯಿಂದ ನಾದಕ್ಕೆ ಇಳಿಯುವ ಬದಲು ಮೂರ್ತವಾದ ನಾದದಿಂದಲೇ ಹೊರಡುವ ಸಂಗೀತ ಎಂಬುದು ಅದರ ತಾತ್ಪರ್ಯ.

ಆಗಿನ್ನೂ ಆ ಸ್ಟುಡಿಯೋಗೆ ಟೇಪು ಬಂದಿರಲಿಲ್ಲ. ಶೆಫೆರ್ ಬಳಸಿದ್ದು ಗ್ರಾಮಫೋನ್ ತಟ್ಟೆಗಳನ್ನು. ತಟ್ಟೆಯ ಗೀರು ಸುರುಳಿಯಾಗಿ ಒಳಕ್ಕೆ ಸಾಗುವುದಷ್ಟೆ. ಅದನ್ನು ಒಂದು ಸುತ್ತಿಗೇ ಮುಚ್ಚಿಬಿಟ್ಟರೆ ಮುಳ್ಳು ಅದೇ ವರ್ತುಲದಲ್ಲಿ ತಿರುಗುತ್ತ ಅದೇ ತುಣುಕನ್ನು ನುಡಿಸುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯಲ್ಲಿ ಅಂಥ ಒಂದು ಆವರ್ತವು ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಂದೇ ಸದ್ದನ್ನು ನೂರು ಬಾರಿ ಕೇಳುತ್ತ ಹೋದರೆ ಅದು ರೈಲಿನದೋ ಬಾಗಿಲಿನದೋ ಎಂಬುದು ಮರೆತು, ಅದರ ಏರಿಳಿತ, ಒರಟುತನ, ಹೊಳಪು ಇವೇ ಮುಂದೆ ನಿಲ್ಲುತ್ತವೆ. ಅವರು ಇನ್ನೊಂದು ಪ್ರಯೋಗವನ್ನೂ ಮಾಡಿದರು. ಗಂಟೆಯ ನಾದವನ್ನು ಮುದ್ರಿಸಿ, ಬಡಿತ ಬೀಳುವ ಮೊದಲ ಕ್ಷಣವನ್ನು ಮಾತ್ರ ಬಿಟ್ಟು ಉಳಿದುದನ್ನು ಕೇಳಿಸಿದರು. ಅದು ಗಂಟೆಯೆಂದು ಗುರುತಿಸಲಾಗದೆ ಊದುವ ವಾದ್ಯದಂತೆ ಕೇಳಿತು. ಗಂಟೆಯ ಗುರುತು ಅದರ ಬಡಿತದಲ್ಲಿದೆ ಎಂಬ ಸತ್ಯವು ಹೀಗೆ ಕತ್ತರಿಯಿಂದ ಹೊರಬಿತ್ತು. ಮೂಲವನ್ನು ಮರೆತು ನಾದವನ್ನಷ್ಟೇ ಆಲಿಸುವ ಈ ಶಿಸ್ತನ್ನು ಶೆಫೆರ್ 1966ರ ತಮ್ಮ ಬೃಹತ್ ಗ್ರಂಥದಲ್ಲಿ ಶಾಸ್ತ್ರವಾಗಿಯೇ ಬೆಳೆಸಿದರು. ಗ್ರೀಕರ ಪೈಥಾಗೊರಸನು ತೆರೆಯ ಹಿಂದೆ ಕುಳಿತು ಪಾಠ ಹೇಳುತ್ತಿದ್ದನೆಂದೂ, ಶಿಷ್ಯರು ಮುಖ ಕಾಣದೆ ಮಾತಿಗೇ ಕಿವಿಗೊಡುತ್ತಿದ್ದರೆಂದೂ ಇರುವ ಐತಿಹ್ಯವನ್ನು ಅವರು ಇದಕ್ಕೆ ದೃಷ್ಟಾಂತವಾಗಿ ತೆಗೆದುಕೊಂಡರು. 32 ವರ್ಷ ತರಗತಿಯಲ್ಲಿ ನಿಂತವನಿಗೆ ಆ ತೆರೆಯ ಮೇಲೆ ಸ್ವಲ್ಪ ಅಸೂಯೆಯುಂಟಾಗದಿರದು.

ಟೇಪು ಬಂದ ಮೇಲೆ ಕೆಲಸವು ಸೂಕ್ಷ್ಮವಾಯಿತು. ಸೆಕೆಂಡಿಗೆ 38 ಸೆಂಟಿಮೀಟರಿನಂತೆ ಓಡುವ ಟೇಪಿನಲ್ಲಿ ಒಂದು ಸೆಕೆಂಡಿನ ಸದ್ದು 38 ಸೆಂಟಿಮೀಟರು ಉದ್ದದ ಪಟ್ಟಿಯಾಗಿ ಕೈಗೆ ಸಿಕ್ಕುತ್ತದೆ. ಅಡಿಕೋಲಿನಲ್ಲಿ ಅಳೆದು, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಅಂಟುಪಟ್ಟಿಯಿಂದ ಬೆಸೆಯಬಹುದು. ಅರ್ಧ ವೇಗದಲ್ಲಿ ಓಡಿಸಿದರೆ ಸದ್ದಿನ ಕಾಲ ಇಮ್ಮಡಿಯಾಗಿ, ಶ್ರುತಿ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. 1955ರಲ್ಲಿ ಕೆನಡಾದ ಭೌತವಿಜ್ಞಾನಿ ಹ್ಯೂ ಲ ಕೇನ್ ಅವರು ಒಂದೇ ಒಂದು ನೀರಹನಿ ಬೀಳುವ ಸದ್ದನ್ನು ಮುದ್ರಿಸಿ, ಅದರ ವೇಗವನ್ನು ಬಗೆಬಗೆಯಾಗಿ ಬದಲಿಸಿ, ಸುಮಾರು ಎರಡು ನಿಮಿಷಗಳ ‘ಡ್ರಿಪ್ಸೊಡಿ’ಯನ್ನು ರಚಿಸಿದರು. ಒಂದೇ ಹನಿ ಅಲ್ಲಿ ತುಂತುರಾಗುತ್ತದೆ, ಪ್ರವಾಹವಾಗುತ್ತದೆ, ಮತ್ತೆ ಹನಿಯಾಗುತ್ತದೆ. 1963ರಲ್ಲಿ ಶೆಫೆರರ ಸಹಚರ ಪಿಯೆರ್ ಆನ್ರಿ ಅವರು ‘ಒಂದು ಬಾಗಿಲು ಮತ್ತು ಒಂದು ನಿಟ್ಟುಸಿರಿನ ರೂಪಾಂತರಗಳು’ ಎಂಬ ಅರ್ಥದ ಹೆಸರುಳ್ಳ ಕೃತಿಯಲ್ಲಿ ಕಿರುಗುಟ್ಟುವ ಬಾಗಿಲನ್ನೇ ಪ್ರಧಾನ ವಾದ್ಯವನ್ನಾಗಿ ಮಾಡಿಕೊಂಡರು. ಈ ಲೇಖನದ ಶೀರ್ಷಿಕೆಗೆ ಉತ್ತರವು ಅಲ್ಲಿಯೇ ಸಿಕ್ಕಿತಲ್ಲ ಎಂದು ಕೆಲವರು ಹೇಳಬಹುದು. ಆದರೆ ಪ್ಯಾರಿಸ್ಸಿನವರು ಒಪ್ಪಿದರೆಂಬ ಕಾರಣಕ್ಕೆ ನಮ್ಮ ಭಾವನವರು ಒಪ್ಪಬೇಕಾಗಿಲ್ಲ. ಅವರ ಪ್ರಶ್ನೆಗೆ ನಮ್ಮ ಮನೆಯ ಸಾಮಗ್ರಿಯಿಂದಲೇ ಉತ್ತರ ಹೇಳಬೇಕು.

ನಮ್ಮ ಸಂಗೀತಶಾಸ್ತ್ರವು ಸ್ವರಗಳನ್ನು ವಿವರಿಸುವಾಗ ನೇರವಾಗಿ ತೋಟಕ್ಕೂ ಕೊಟ್ಟಿಗೆಗೂ ಹೋಗುತ್ತದೆ. ಷಡ್ಜವು ನವಿಲಿನ ಕೂಗು, ಗಾಂಧಾರವು ಆಡಿನದು, ಮಧ್ಯಮವು ಕ್ರೌಂಚದ್ದು, ಪಂಚಮವು ಕೋಗಿಲೆಯದು, ನಿಷಾದವು ಆನೆಯದು ಎಂದು ನಾರದೀಯ ಶಿಕ್ಷೆಯ ಕಾಲದಿಂದಲೂ ಹೇಳಿಕೊಂಡು ಬಂದಿದ್ದಾರೆ. ಇದನ್ನು ಭೌತಶಾಸ್ತ್ರವೆಂದು ತಿಳಿಯಬೇಕಾಗಿಲ್ಲ. ಸಂಗೀತದ ಬೇರು ಸಂಗೀತವಲ್ಲದ ಸದ್ದಿನಲ್ಲಿದೆ ಎಂಬ ಅರಿವು ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ ಎಂಬಷ್ಟು ಮಾತ್ರ ಇದರಿಂದ ಸಿದ್ಧವಾಗುತ್ತದೆ.

ಇದಕ್ಕಿಂತ ಹತ್ತಿರದ ಸಾಕ್ಷ್ಯವು ನಮ್ಮ ವ್ಯಾಕರಣದಲ್ಲಿದೆ. ನನ್ನ ವಿದ್ಯಾರ್ಥಿಗಳಿಗೆ ಅನುಕರಣಾವ್ಯಯವು ನೆನಪಿರಬೇಕು. ನೆನಪಿಲ್ಲದವರು ಅಂಕಪಟ್ಟಿಯನ್ನು ಹಿಂದಿರುಗಿಸತಕ್ಕದ್ದು. ಅರ್ಥವಿಲ್ಲದ ಸದ್ದನ್ನು ಕೇಳಿದಂತೆಯೇ ಅನುಕರಿಸಿ ಹೇಳುವ ಮಾತು ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿಸಿದ್ದೆವು. ಮಳೆಯೊಂದಕ್ಕೇ ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ: ಜಿಟಿಜಿಟಿ, ಪಟಪಟ, ತೊಟತೊಟ, ಸುಯ್ಯನೆ, ಧೋ ಎಂದು. ಇವು ಮಳೆಯ ಛಾಯಾಚಿತ್ರಗಳಲ್ಲ. ಎಷ್ಟೋ ಗಂಟೆ ಸುರಿದ ಮಳೆಯಿಂದ ಕನ್ನಡದ ಕಿವಿಯು ಎರಡು ಅಕ್ಷರಗಳನ್ನು ಆರಿಸಿಕೊಂಡಿತು. ಆರಿಸಿದುದನ್ನು ದ್ವಿರುಕ್ತಿಯಿಂದ ಮತ್ತೊಮ್ಮೆ ತಿರುಗಿಸಿತು. ಶೆಫೆರರ ಮುಚ್ಚಿದ ಗೀರು ಮಾಡಿದ ಕೆಲಸವನ್ನೇ ನಮ್ಮ ‘ಜಿಟಿಜಿಟಿ’ಯೂ ಮಾಡುತ್ತಿದೆ. ಅದನ್ನು ಯಾರೂ ಸದ್ದೆಂದು ತಳ್ಳಿಹಾಕುವುದಿಲ್ಲ; ಭಾಷೆಯೆಂದು ಗೌರವಿಸುತ್ತಾರೆ. ಸದ್ದನ್ನು ಮಾತಾಗಿಸಿದ್ದು ಆಯ್ಕೆ ಮತ್ತು ವಿನ್ಯಾಸ. ಸದ್ದನ್ನು ಸಂಗೀತವಾಗಿಸುವುದೂ ಅವೇ.

ಆದುದರಿಂದ ಭಾವನವರಿಗೆ ನನ್ನ ಉತ್ತರ: ಮಿಕ್ಸಿಯು ಸಂಗೀತವಲ್ಲ. ರೈಲೂ ಅಲ್ಲ, ನಮ್ಮ ಮೂಲಮನೆಯ ಬಾಗಿಲೂ ಅಲ್ಲ. ‘ಎಲ್ಲ ಸದ್ದೂ ಸಂಗೀತವೇ’ ಎಂಬ ಮಾತು ಕೇಳಲು ಉದಾರವಾಗಿದ್ದರೂ ಸೋಮಾರಿತನದ್ದು. ಅದನ್ನು ಒಪ್ಪಿದರೆ ಯಾರೂ ಏನನ್ನೂ ರಚಿಸಬೇಕಾಗಿಯೇ ಇಲ್ಲ. ಮಿಕ್ಸಿಯನ್ನು ಹತ್ತು ಬಾರಿ ಆಲಿಸಿ, ಅದು ವೇಗ ಹಿಡಿಯುವಾಗ ಶ್ರುತಿ ಏರುವುದನ್ನೂ, ಒಳಗಿನ ಕಾಯಿತುರಿ ನುಣ್ಣಗಾದಂತೆ ನಾದ ಬದಲಾಗುವುದನ್ನೂ ಗಮನಿಸಿ, ಅವುಗಳಲ್ಲಿ ಬೇಕಾದುದನ್ನು ತೆಗೆದು, ಇನ್ನೊಂದು ಸದ್ದಿನ ಪಕ್ಕದಲ್ಲಿ ಕಾರಣಸಹಿತವಾಗಿ ಇಟ್ಟಾಗ ಸಂಗೀತವು ಆರಂಭವಾಗಬಹುದು. ಆಗಲೂ ಅದು ಕೆಟ್ಟ ಸಂಗೀತವಾಗಬಹುದು. ಅದು ಬೇರೆಯ ಮಾತು. ಕೆನಡಾದ ಸಂಗೀತಕಾರ ಮರ್ರೇ ಶೇಫರ್ ಅವರು 1967ರಲ್ಲಿ ‘ಕಿವಿ ಶುದ್ಧಿ’ ಎಂಬ ಅರ್ಥದ ಪುಟ್ಟ ಪುಸ್ತಕವನ್ನು ಉಪಾಧ್ಯಾಯರಿಗಾಗಿ ಬರೆದರು. ಫ್ರಾನ್ಸಿನ ಶೆಫೆರ್ ಬೇರೆ, ಇವರು ಬೇರೆ. ಹೆಸರುಗಳ ಹೋಲಿಕೆ ಆಕಸ್ಮಿಕ. ತರಗತಿಯಲ್ಲಿ ಒಂದು ಕಾಗದದ ಹಾಳೆಯನ್ನು ಸದ್ದಾಗದಂತೆ ಕೈಯಿಂದ ಕೈಗೆ ದಾಟಿಸಬೇಕೆಂಬುದು ಅದರಲ್ಲಿನ ಒಂದು ಅಭ್ಯಾಸ. ಹಾಳೆ ದಾಟುವಾಗ ಮಕ್ಕಳು ಜೀವನದಲ್ಲಿ ಮೊದಲ ಬಾರಿಗೆ ಕಾಗದವನ್ನು ಕೇಳುತ್ತಾರೆ. ರಚನೆಗೆ ಬೇಕಾದ ಮೊದಲ ಉಪಕರಣವು ಆ ಕಿವಿ.

ಇನ್ನು ತಮ್ಮನ ಆಕ್ಷೇಪಣೆ. ಇದ್ದುದನ್ನು ಇದ್ದ ಹಾಗೆಯೇ ಉಳಿಸಬೇಕಿತ್ತು ಎಂಬ ಮಾತಿನಲ್ಲಿ ನ್ಯಾಯವಿದೆ, ಮತ್ತು ಆ ವಾದಕ್ಕೆ ಈ ಸಂಗೀತದೊಳಗೇ ಒಬ್ಬ ಸಮರ್ಥ ವಕೀಲರಿದ್ದಾರೆ. ಲೂಕ್ ಫೆರಾರಿ ಎಂಬ ಫ್ರೆಂಚ್ ರಚನಕಾರರು 1960ರ ದಶಕದ ಕೊನೆಯಲ್ಲಿ, ಆಗ ಯುಗೊಸ್ಲಾವಿಯಕ್ಕೆ ಸೇರಿದ್ದ, ಈಗ ಕ್ರೊಯೇಷಿಯಾದಲ್ಲಿರುವ ಕೊರ್ಚುಲಾ ದ್ವೀಪದ ವೇಲಾ ಲೂಕಾ ಎಂಬ ಬೆಸ್ತರ ಊರಿನಲ್ಲಿ ಬೆಳಗಿನ ಜಾವದ ಸದ್ದುಗಳನ್ನು ಮುದ್ರಿಸಿದರು. ದೋಣಿಯ ಎಂಜಿನ್, ಕತ್ತೆ, ಕೋಳಿ, ಜನರ ಮಾತು, ಹೊತ್ತೇರಿದಂತೆ ಜೀರುಂಡೆಗಳು. ‘ಬಹುಮಟ್ಟಿಗೆ ಏನೂ ಇಲ್ಲ’ ಎಂಬುದು 1970ರಲ್ಲಿ ಹೊರಬಂದ ಆ ಕೃತಿಯ ಹೆಸರಿನ ಅರ್ಥ. ಶೆಫೆರರ ಶಾಸ್ತ್ರವು ಮೂಲವನ್ನು ಮರೆಯಬೇಕೆನ್ನುತ್ತದೆ. ಫೆರಾರಿಯವರು ಮೂಲವನ್ನು ಮರೆಯಗೊಡಲಿಲ್ಲ. ಅಲ್ಲಿ ಕತ್ತೆಯು ಕತ್ತೆಯೇ, ಊರು ಊರೇ. ಇದು ಸಂಗೀತವೇ ಅಲ್ಲವೆಂದು ಅವರ ಸಹೋದ್ಯೋಗಿಗಳೇ ಮುಖ ಸಿಂಡರಿಸಿದರು. ಭಾವನವರ ಪಕ್ಷಕ್ಕೆ ಪ್ಯಾರಿಸ್ಸಿನಲ್ಲಿಯೂ ಜನರಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಇದ್ದ ಹಾಗೆಯೇ ಇದೆಯೆಂದು ತೋರುವ ಆ ಕೃತಿಯ ಅವಧಿ ಸುಮಾರು 20 ನಿಮಿಷ. ಬೆಳಗಾಗುವುದಕ್ಕೆ 20 ನಿಮಿಷ ಸಾಲದು. ಹಲವು ಬೆಳಗುಗಳ ಮುದ್ರಣದಿಂದ ಆರಿಸಿ, ಬೆಸುಗೆ ಕಾಣದಂತೆ ಬೆಸೆದು ಅವರು ಒಂದು ಬೆಳಗನ್ನು ಕಟ್ಟಿದರು. ಕತ್ತರಿ ಅಲ್ಲಿಯೂ ಇದೆ, ಅಡಗಿಕೊಂಡಿದೆ ಅಷ್ಟೆ. ಮೈಕನ್ನು ಎಲ್ಲಿ ಇಡಬೇಕು, ಯಾವಾಗ ಆರಂಭಿಸಬೇಕು ಎಂಬ ನಿರ್ಧಾರದಲ್ಲಿಯೇ ಮೊದಲ ಕತ್ತರಿ ಬಿದ್ದಿರುತ್ತದೆ. ಬಾವಿಯ ಗಡಗಡೆಯ ಪಕ್ಕದಲ್ಲಿ ಮೈಕು ಇಟ್ಟವಳಿಗೆ ಅಡುಗೆಮನೆ ದೂರವಾಗುತ್ತದೆ.

ಒಂಬತ್ತು ಗಂಟೆಗಳ ಮುದ್ರಣವನ್ನು ಹಾಗೆಯೇ ಇಟ್ಟಿದ್ದರೆ ಅದನ್ನು ಕೇಳುವವರು ಯಾರು? ತಮ್ಮನನ್ನೇ ನಾನು ಕೇಳುತ್ತೇನೆ: ಮಕ್ಕಳ ಮದುವೆಗಳ ವಿಡಿಯೋ ಕ್ಯಾಸೆಟ್ಟುಗಳನ್ನು ನಿಮ್ಮ ಮನೆಯಲ್ಲಿ ಕೊನೆಗೆ ಹಾಕಿ ನೋಡಿದ್ದು ಯಾವಾಗ? ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಸ್ಥಾಪನೆಯಾಯಿತು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನ್‌ರಾಜ್ ಜೋಶಿಪುರ ಮುಂತಾದವರು ಅಲ್ಲಿ ಮೂಗ್ ಯಂತ್ರದಲ್ಲಿಯೂ ಟೇಪಿನಲ್ಲಿಯೂ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಟೇಪುಗಳು ಸಂಗ್ರಹಾಲಯ ಸೇರಿದವು. 2017ರಲ್ಲಿ ಪಾಲ್ ಪರ್ಗಸ್ ಎಂಬ ಕಲಾವಿದರು ಅವನ್ನು ಕಂಡುಹಿಡಿದು, 2023ರಲ್ಲಿ ಆಯ್ದು ಪ್ರಕಟಿಸುವವರೆಗೆ ಅವು ಹೆಚ್ಚಿನವರ ಕಿವಿಗೆ ಬೀಳಲೇ ಇಲ್ಲ. ಉಳಿಸಿಡುವುದು ಒಂದು ಕೆಲಸ, ಕೇಳುವಂತೆ ಮಾಡುವುದು ಇನ್ನೊಂದು. ಎರಡೂ ಬೇಕು. ನಮ್ಮ ಹುಡುಗಿ ಮೂಲ ಮುದ್ರಣವನ್ನು ಅಳಿಸಿಲ್ಲ. ಯಾವ ದಿನ, ಯಾವ ಹೊತ್ತು, ಯಾವ ಕೋಣೆ ಎಂದು ಬರೆದು ಎರಡು ಪ್ರತಿಗಳಲ್ಲಿ ಇಟ್ಟಿದ್ದಾಳೆ. ತಮ್ಮನು ಕೇಳಿದ್ದು ಅವನಿಗೆ ಸಿಕ್ಕುತ್ತದೆ. ಆದರೆ ಅವನು ಒಂಬತ್ತು ಗಂಟೆ ಕುಳಿತು ಕೇಳುವನೆಂದು ನಾನು ಪಣ ಕಟ್ಟಲಾರೆ.

ಆ 14 ನಿಮಿಷಗಳಲ್ಲಿ ನಾನು ಕೇಳಿದುದನ್ನು ಹೇಳಬೇಕು. ಆರಂಭದಲ್ಲಿ ಹೆಂಚಿನಿಂದ ಅಂಗಳಕ್ಕೆ ಇಳಿಯುವ ಮಳೆ. ಅದು ನಿಧಾನವಾಗಿ, ಯಾವಾಗ ಬದಲಾಯಿತೆಂದು ತಿಳಿಯದಂತೆ, ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುವ ಸದ್ದಾಗುತ್ತದೆ. ಎರಡಕ್ಕೂ ಒಂದೇ ನಡೆಯಿದೆ ಎಂಬುದು ಆ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಗಮನಕ್ಕೆ ಎಪ್ಪತ್ತು ವರ್ಷ ಬಂದಿರಲಿಲ್ಲ. ಒರಳುಕಲ್ಲಿನ ಗುಡುಗುಡು ನಾದವನ್ನು ಎರಡು ಸ್ಥಾಯಿ ಕೆಳಗಿಳಿಸಿ ಶ್ರುತಿಯಂತೆ ಹಿಡಿದಿದ್ದಾಳೆ. ಅದರ ಮೇಲೆ ಅಟ್ಟದ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ನುಡಿಯುತ್ತವೆ. ಕೊನೆಯಿಂದ ಮೂರನೆಯ ಮೆಟ್ಟಿಲು ಸಡಿಲವಾಗಿತ್ತು. ಬಾಲ್ಯದಲ್ಲಿ ಕದ್ದು ಬೆಲ್ಲ ತಿನ್ನಲು ಹತ್ತುವಾಗ ನಾವೆಲ್ಲ ಅದನ್ನು ದಾಟಿ ಕಾಲಿಡುತ್ತಿದ್ದೆವು. ಕೃತಿಯಲ್ಲಿ ಅದರ ಸರದಿ ಬರುವಾಗ ಒಂದು ಕ್ಷಣ ಮೌನವಿದೆ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲವಂತೆ. ಆ ಮೆಟ್ಟಿಲಿನ ಸದ್ದು ಬೇರೆಯಾಗಿ ಕೇಳಿದ್ದರಿಂದ ಅದನ್ನು ಬಿಟ್ಟಳಂತೆ. ಒಂಬತ್ತು ಗಂಟೆಗಳ ಸಂಗ್ರಹವು ನನಗೆ ಮನೆಯನ್ನು ಕೊಡುತ್ತಿತ್ತು. ಈ ಕೃತಿಯು ಮನೆಯ ವಿಷಯದಲ್ಲಿ ನನಗೆ ತಿಳಿಯದಿದ್ದ ಸಂಗತಿಯನ್ನು ಕೊಟ್ಟಿತು. ನನ್ನ ಮಟ್ಟಿಗೆ ಅದು ಸಂಗೀತವೆಂಬುದಕ್ಕೆ ಇಷ್ಟು ಪ್ರಮಾಣ ಸಾಕು.

ಈಗ ಮೂರನೆಯ ಆಕ್ಷೇಪಣೆಗೆ ಬರುತ್ತೇನೆ. ಕೃತಿಯ ನಡುವೆ ದೊಡ್ಡತ್ತಿಗೆಯ ದನಿಯಿದೆ. ತೆಂಗಿನಕಾಯಿ ಎಣಿಸುತ್ತಿದ್ದಾರೆ. ನಮ್ಮಲ್ಲಿ ಎಣಿಕೆಯು ‘ಒಂದು’ ಎಂದು ಆರಂಭವಾಗುವುದಿಲ್ಲ. ‘ಲಾಭ, ಎರಡು, ಮೂರು’ ಎಂದೇ ಎಣಿಸುವುದು. ಹುಡುಗಿಯು ಆ ‘ಲಾಭ’ವನ್ನು ಮಾತ್ರ ಕತ್ತರಿಸಿ, ಗಡಗಡೆಯ ಸದ್ದಿನ ಮೇಲೆ ಹನ್ನೊಂದು ಬಾರಿ ತಿರುಗಿಸಿದ್ದಾಳೆ. ಅವಳಿಗೆ ಆ ‘ಭ’ಕಾರದ ಮೃದುತ್ವವು ಇಷ್ಟವಾಯಿತಂತೆ. ಆದರೆ ಮನೆಯನ್ನು ಮಾರಿದ ಮಕ್ಕಳ ಕಿವಿಗೆ ಅದು ಹೇಗೆ ಕೇಳಿರಬೇಕು? ತೀರಿಕೊಂಡ ತಾಯಿ ‘ಲಾಭ, ಲಾಭ’ ಎಂದು ಹನ್ನೊಂದು ಬಾರಿ ಹಂಗಿಸಿದಂತೆ. ಸಾಲವನ್ನು ತೀರಿಸಲು, ತಾಯಿಯ ಚಿಕಿತ್ಸೆಗೆ ಒದಗಿಸಲು ಮಾರಿದವರು ಅವರು. ಆ ಸಂಜೆ ಅವರು ಊಟಕ್ಕೆ ನಿಲ್ಲದೆ ಎದ್ದು ಹೋದದ್ದು ಸಣ್ಣತನದಿಂದಲ್ಲ.

ಮಾತಾಡುವವರ ದನಿಯನ್ನು ಕತ್ತರಿಸಿ ಸಂಗೀತ ಮಾಡುವುದೇ ತಪ್ಪೆಂದು ನಾನು ಹೇಳಲಾರೆ. ಅಮೆರಿಕದ ಸ್ಟೀವ್ ರೈಶ್ ಅವರ 1988ರ ‘ಡಿಫರೆಂಟ್ ಟ್ರೈನ್ಸ್’ ಎಂಬ ಕೃತಿಯು ಇಂಥ ದನಿಗಳಿಂದಲೇ ಆದದ್ದು. ಬಾಲ್ಯದಲ್ಲಿ ತಂದೆತಾಯಿಗಳು ಬೇರೆಯಾದ ಕಾರಣ ಅವರು ನ್ಯೂಯಾರ್ಕಿಗೂ ಲಾಸ್ ಏಂಜಲೀಸಿಗೂ ನಡುವೆ ರೈಲಿನಲ್ಲಿ ಓಡಾಡುತ್ತಿದ್ದರು. ಜೊತೆಗಿರುತ್ತಿದ್ದ ದಾದಿ, ನಿವೃತ್ತ ರೈಲು ನೌಕರರೊಬ್ಬರು, ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಬೇರೆಯೇ ರೈಲುಗಳಲ್ಲಿ ಯಾತನಾಶಿಬಿರಗಳಿಗೆ ಸಾಗಿಸಲ್ಪಟ್ಟು ಬದುಕುಳಿದ ಯಹೂದ್ಯರು, ಇವರ ಮಾತಿನ ತುಣುಕುಗಳು ಅಲ್ಲಿವೆ. ಪ್ರತಿ ತುಣುಕಿನ ಏರಿಳಿತವನ್ನು ತಂತಿವಾದ್ಯಗಳು ಅನುಸರಿಸುತ್ತವೆ. ತುಣುಕುಗಳು ಪುನರಾವರ್ತನೆಯಾಗುತ್ತವೆ, ಆದರೂ ಹೇಳಿದವರ ಅರ್ಥವು ಕೆಡುವುದಿಲ್ಲ. ಪುನರಾವರ್ತನೆಯು ಅವರ ಮಾತಿನ ಭಾರವನ್ನು ಹೆಚ್ಚಿಸುತ್ತದೆ.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಜರ್ಮನಿಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ ಅವರು ಮೇಲೆ ಹೇಳಿದ ಮರ್ರೇ ಶೇಫರರ ಬಳಗದವರು. 1990ರ ದಶಕದಲ್ಲಿ ನವದೆಹಲಿಗೆ ಬಂದು, ಬೀದಿಯಲ್ಲಿ ಕೂಗಿ ಮಾರುವವರ ದನಿಗಳನ್ನು ಮುದ್ರಿಸಿ, 1997ರಲ್ಲಿ ಒಂದು ಕೃತಿಯನ್ನು ರಚಿಸಿದರು. ಪರವೂರಿನ ಸದ್ದಿನ ಮೇಲ್ಮೈಯ ಕೆಳಗೆ ಮೃದುವಾಗಿ ಇಳಿಯುವುದು ಎಂಬುದು ಅದರ ಉದ್ದನೆಯ ಹೆಸರಿನ ಸಾರ. ಆ ‘ಮೃದುವಾಗಿ’ ಎಂಬ ಮಾತಿನಲ್ಲಿ ತಾನು ಹೊರಗಿನವಳೆಂಬ ಎಚ್ಚರವಿದೆ. ಅವರ 1989ರ ‘ಕಿಟ್ಸ್ ಬೀಚ್ ಸೌಂಡ್‌ವಾಕ್’ ಎಂಬ ಕೃತಿಯಲ್ಲಿ ಈ ಪ್ರಾಮಾಣಿಕತೆಯು ಇನ್ನೂ ಪ್ರಕಟವಾಗಿದೆ. ವ್ಯಾಂಕೂವರಿನ ಕಡಲತೀರದಲ್ಲಿ ಬಂಡೆಗಂಟಿದ ಚಿಪ್ಪುಜೀವಿಗಳ ಸಣ್ಣ ಚಿಟಿಚಿಟಿ ಸದ್ದು. ಹಿಂದೆ ನಗರದ ಮೊರೆತ. ಸ್ಟುಡಿಯೋದಲ್ಲಿ ಈ ನಗರವನ್ನು ಸೋಸಿ ತೆಗೆದುಬಿಡಬಲ್ಲೆ ಎಂದು ಅವರೇ ಕೃತಿಯೊಳಗೆ ನುಡಿದು, ನಮ್ಮ ಕಿವಿಯೆದುರಿಗೇ ತೆಗೆದು ತೋರಿಸುತ್ತಾರೆ. ಕತ್ತರಿಯನ್ನು ಅವರು ಕೇಳುಗರಿಂದ ಮರೆಮಾಡುವುದಿಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇಷ್ಟು. ಮುದ್ರಿಸುವವನು ಸಂಗ್ರಾಹಕ, ಕತ್ತರಿಸುವವನು ಕರ್ತೃ. ಕತ್ತರಿ ಬಿದ್ದ ಕ್ಷಣದಿಂದ ಅರ್ಥವು ಅವನದಾಗುತ್ತದೆ, ಹೊಣೆಯೂ ಅವನದಾಗುತ್ತದೆ. ಬಡಿತವನ್ನು ಕತ್ತರಿಸಿದ ಗಂಟೆಯು ತಾನು ಗಂಟೆಯೆಂಬುದನ್ನು ಮರೆಯಬಲ್ಲುದು. ತಾಯಿಯ ದನಿ ತಾಯಿಯದೆಂಬುದನ್ನು ಮಕ್ಕಳು ಮರೆಯಲಾರರು. ಎಂಥ ಶಾಸ್ತ್ರವೂ ಅವರನ್ನು ತೆರೆಯ ಈಚೆಗೆ ಕೂರಿಸಲಾರದು. ಅತ್ತಿಗೆಯು ಮುದ್ರಣಕ್ಕೆ ನಗುತ್ತಲೇ ಒಪ್ಪಿದ್ದರು, ಅದು ನನಗೆ ಗೊತ್ತು. ಆದರೆ ಮುದ್ರಣಕ್ಕೆ ಕೊಟ್ಟ ಒಪ್ಪಿಗೆಯು ರಚನೆಗೆ ಕೊಟ್ಟ ಒಪ್ಪಿಗೆಯಲ್ಲ. ಎರಡನೆಯದನ್ನು ಕೊಡಲು ಅವರಿಲ್ಲ. ಅವರ ಪರವಾಗಿ ಮಕ್ಕಳೇ ಕೊಡಬೇಕು.

ಆದುದರಿಂದ ಹುಡುಗಿಗೆ ನನ್ನ ಸಲಹೆ: ಆ ಭಾಗವನ್ನು ಕಿತ್ತುಹಾಕಬೇಡ, ಬದಲಿಸು. ಎಣಿಕೆಯು ಹನ್ನೊಂದು ಬಾರಿ ‘ಲಾಭ’ದಲ್ಲಿಯೇ ನಿಲ್ಲದೆ ಅತ್ತಿಗೆ ಎಣಿಸಿದಂತೆಯೇ ಹತ್ತರವರೆಗೆ ಸಾಗಲಿ. ಅವರ ಕೈಯಲ್ಲಿ ಕಾಯಿಗಳು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಹೋಗುತ್ತಿದ್ದವು; ಸಂಗೀತದಲ್ಲಿಯೂ ಹೋಗಲಿ. ಬದಲಿಸಿದುದನ್ನು ಮೊದಲು ಅಣ್ಣನ ಮಕ್ಕಳಿಗೆ ಕೇಳಿಸು, ಅವರ ಮನೆಗೇ ಹೋಗಿ ಕೇಳಿಸು. ಅವರು ಒಪ್ಪಿದರೆ ಬೆಂಗಳೂರಿಗೆ ಒಯ್ಯಿ. ಒಪ್ಪದಿದ್ದರೆ ಆ ಒಂದು ನಿಮಿಷವಿಲ್ಲದೆಯೇ ಒಯ್ಯಿ. ಅಣ್ಣನ ಮಕ್ಕಳಿಗೂ ಒಂದು ಮಾತು. ನಿಮ್ಮ ನೋವು ನ್ಯಾಯವಾದದ್ದು. ಆದರೆ ಇಡೀ ಕೃತಿಯನ್ನೇ ತಡೆಯಬೇಕೆಂದು ಪಟ್ಟುಹಿಡಿಯಬೇಡಿ. ಆ ಮನೆಯಲ್ಲಿ ಹೊರಗೆ ಹೋಗುವ ವಸ್ತುಗಳೆಲ್ಲ ಹೋಗಿ ಆಯಿತು. ಕಂಬಗಳು ಈಗ ಯಾರದೋ ಅತಿಥಿಗೃಹದ ಅಂದಕ್ಕೆ ನಿಂತಿವೆ. ಏಣಿಯ ಮೆಟ್ಟಿಲುಗಳು ಇನ್ನು ಎಲ್ಲಾದರೂ ಉಳಿದಿದ್ದರೆ ಈ ಕೃತಿಯಲ್ಲಿ ಮಾತ್ರ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ಹಳೆಯ ಸದ್ದಿಗೆ ಮಾತ್ರ ಮರುಗುವ ಚಾಳಿಯನ್ನು ಬೆಳೆಸಿಕೊಳ್ಳಬೇಡಿ. ಒರಳುಕಲ್ಲಿನಷ್ಟೇ ನಿಮ್ಮ ಮನೆಯ ಕುಕ್ಕರಿನ ಸೀಟಿಯೂ, ಮುಂಜಾನೆ ಗೇಟಿಗೆ ತಾಗುವ ಹಾಲಿನವನ ಸೈಕಲ್ಲೂ ಕಿವಿಗೆ ಯೋಗ್ಯವಾದವು. ಅವೂ ಒಂದು ದಿನ ನಿಲ್ಲುತ್ತವೆ. ಮನೆಪಾಠವೊಂದನ್ನು ಕೊಡುತ್ತೇನೆ. ನಿಮ್ಮ ಮನೆಯ ಯಾವುದಾದರೂ ಒಂದು ಸದ್ದನ್ನು ಮೂರು ನಿಮಿಷ ಮುದ್ರಿಸಿರಿ. ಹಲವು ಮೊಬೈಲುಗಳು ಮಾತಿಗೆ ಅನುಕೂಲವಾಗಲೆಂದು ಹಿನ್ನೆಲೆಯ ಸದ್ದನ್ನು ತಾವಾಗಿ ತಗ್ಗಿಸುತ್ತವೆ. ಆ ಏರ್ಪಾಟನ್ನು ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಿರಿ. ಮುದ್ರಿಸಿದುದನ್ನು ಬೇರೇನೂ ಮಾಡದೆ ಹತ್ತು ಬಾರಿ ಕೇಳಿರಿ. ಅನಂತರ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು 30 ಸೆಕೆಂಡುಗಳಿಗೆ ಇಳಿಸಿರಿ. ಏನನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಸದ್ದಿನಲ್ಲಿ ಯಾರದಾದರೂ ದನಿಯಿದ್ದರೆ ಅವರಿಗೆ ಕೇಳಿಸಿ, ಅವರ ಒಪ್ಪಿಗೆ ಪಡೆದ ಮೇಲೆ ನನಗೆ ಕಳುಹಿಸಿರಿ.

ಎಂದಿನಂತೆ ಅಕ್ಷರದೋಷಕ್ಕೆ ಅಂಕ ಕಳೆಯಲಾಗುವುದು.

ಇತಿ,
ನಿಮ್ಮ ಕನ್ನಡ ಮೇಷ್ಟ್ರು